ಒನ್ನುಮಿಲ್ಲ

ರಾತ್ರಿ ಒಂದೂ ಮುಕ್ಕಾಲು. ಉಪ್ಪಳದ ಕೈಕಂಬ.
ಬಾಗಿಲ ಸಂದಿಗೆ ಬಾಲ ಸಿಕ್ಕಿದ ನಾಯಿಯ ಹಾಗೆ
ಒಂದೇ ಸಮ ಕೂಗುತ್ತಿದೆ ಜವುಳಿ ಅಂಗಡಿಯ ಸೈರನ್ನು.
ಈ ತಿಂಗಳಲ್ಲಿ ಇದು ಒಂಬತ್ತನೆಯದು.
ಬಿನೀಶ ಜೀಪು ನಿಲ್ಲಿಸುತ್ತಾನೆ, ಇಂಜಿನ್ ನಿಲ್ಲಿಸುವುದಿಲ್ಲ.
ಇಳಿಯುವವನು ನಾನು.

ಲಾಠಿಯಿಂದ ಷಟರಿಗೆ ಮೂರು ಸಲ ತಟ್ಟುತ್ತೇನೆ.
ಒಳಗೆ ಕಳ್ಳನಿದ್ದರೆ
ಅವನಿಗೂ ಹೊರಡಲು ಸ್ವಲ್ಪ ಸಮಯ ಬೇಕಲ್ಲ.
ಹಿಂದಿನ ಓಣಿಯಲ್ಲಿ ಖಾಲಿ ಮೀನಿನ ಪೆಟ್ಟಿಗೆಗಳು, ಒಂದು ಬೆಕ್ಕು.
ಟಾರ್ಚಿಗೆ ತಲೆಯೆತ್ತಿ, ನನ್ನ ಗುರುತು ಹಿಡಿದು,
ಮತ್ತೆ ತಿನ್ನತೊಡಗುತ್ತದೆ.

ಯಜಮಾನ ಸೀದಿಕುಂಞಿಯವರು ಶಾರ್ಜಾದಲ್ಲಿ.
ಅಲ್ಲಿ ಇನ್ನೂ ಹನ್ನೆರಡೂ ಕಾಲು.
ಅಲಾರಂ ಅವರ ಫೋನಿಗೆ, ಅವರ ಫೋನು ಠಾಣೆಗೆ,
ಠಾಣೆಯ ವಯರ್‌ಲೆಸ್ಸು ನಮಗೆ.
ಕಡಲು ದಾಟಿ ಬಂದ ಹೆದರಿಕೆ
ಜೀಪಿಗೆ ತಲುಪುವಾಗ ಬರೀ ಒಂದು ಬಿಲ್ಡಿಂಗ್ ನಂಬರು.

ಕೀಲಿಕೈ ಇರುವುದು ಸೇಲ್ಸಿನ ಜಲಜಾಕ್ಷಿಯ ಹತ್ತಿರ.
ಐಲದಿಂದ ನಡೆದೇ ಬರುತ್ತಾಳೆ, ನೈಟಿಯ ಮೇಲೊಂದು ಟವೆಲು,
ಹಿಂದೆ ನಿದ್ದೆಗಣ್ಣಿನ ಮಗ, ಅವನ ಕೈಯಲ್ಲಿ ಕ್ರಿಕೆಟ್ ಬ್ಯಾಟು.
ಹಗಲಿಡೀ ನಿಂತು ಸೀರೆ ಹರವಿ ಮಡಚುವವಳು;
ರಾತ್ರಿಯ ಈ ಬರವಿಗೆ ಸಂಬಳದಲ್ಲಿ ಕಾಲಂ ಇಲ್ಲ.
"ಇನಿಲಾ ಪಲ್ಲಿಯಾ?" ಎಂದು ಕೇಳುತ್ತೇನೆ.
ತುಳುವಿಗೂ ಮಲಯಾಳಕ್ಕೂ ಪಲ್ಲಿ,
ನನ್ನ ಶಾಲೆಯ ಪುಸ್ತಕಕ್ಕೆ ಬಂದಾಗ ಹಲ್ಲಿ.
ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯ ಎನ್ನುತ್ತಿದ್ದಳು ಅಜ್ಜಿ.
ಇದು ಲೊಚಗುಟ್ಟುವುದೇ ಇಲ್ಲ,
ಸೆನ್ಸಾರಿನ ಕಣ್ಣಿನ ಮೇಲೆ ಸುಮ್ಮನೆ ಹರಿದು ಹೋಗುತ್ತದೆ,
ಪೇಟೆ ಪೂರಾ ಸುಳ್ಳಿಗೆ ಎದ್ದು ಕೂರುತ್ತದೆ.
"ಹೊಡೆದು ಹಾಕಬಾರದಾ?"
"ಟ್ಯೂಬ್‌ಲೈಟಿನ ಪಟ್ಟಿಯಲ್ಲಿ ಮೊಟ್ಟೆ ಇಟ್ಟಿದೆ ಸಾರ್."

ಠಾಣೆಗೆ ಬಂದು ಡೈರಿ ಬರೆಯಬೇಕು, ಮಲಯಾಳದಲ್ಲಿ.
ನಾನು ಮೀಯಪದವಿನ ಕನ್ನಡ ಮೀಡಿಯಂ,
ಆ ಅಕ್ಷರ ಕಲಿತದ್ದು ಕೆಲಸ ಸಿಕ್ಕಿದ ಮೇಲೆ, ಬಸ್ಸಿನ ಬೋರ್ಡು ಓದಿ ಓದಿ.
'ಒನ್ನುಮಿಲ್ಲ', ಎಂದರೆ ಏನೂ ಇಲ್ಲ,
ಇದೊಂದನ್ನು ಮಾತ್ರ ಕಣ್ಣು ಮುಚ್ಚಿಯೂ ಬರೆದೇನು.
ಗಂಗಾಧರನ್ ಸಾರ್ ಹೇಳುತ್ತಾರೆ:
ನಿನ್ನ ಕೈಬರಹ ಚಂದ ಮಾರಾಯ, ಈ ಪದದಲ್ಲಿ.

ನಾವು ಹಲ್ಲಿ ಹುಡುಕುತ್ತಿದ್ದ ಒಂದು ರಾತ್ರಿ
ಬಂದ್ಯೋಡಿನಲ್ಲಿ ಬೈಕು ಬಡಿದ ಮುದುಕ
ಇಪ್ಪತ್ತು ನಿಮಿಷ ರಸ್ತೆಯಲ್ಲೇ ಇದ್ದ.
ಅದು ಬೇರೆ ಪುಟ. ಅದನ್ನು ಬರೆದದ್ದೂ ಬೇರೆಯವರು.

ಆಮೇಲೆ ಮೇಲಿನಿಂದ ಕಾಗದ ಬಂತು, ನೋಟೀಸು ಕೊಡಿ ಎಂದು.
ಯಜಮಾನರಿಲ್ಲ; ಸಹಿ ಹಾಕಿದವಳು ಜಲಜಾಕ್ಷಿ,
ಕನ್ನಡದಲ್ಲಿ, ನಿಧಾನವಾಗಿ, ಸೀರೆಗೆ ಫಾಲ್ ಹೊಲಿದ ಹಾಗೆ.
ಸೀದಿಕುಂಞಿಯವರು ಅಲ್ಲಿಂದಲೇ
ಫೋನಿನೊಳಗೆ ಅದರ ಬಾಯಿ ಕಟ್ಟಿಸಿದರು.
ಸೈರನ್ನು ಮಾತ್ರ ಕೂಗುತ್ತಲೇ ಇತ್ತು, ಯಾರೂ ನಮಗೆ ಹೇಳಲಿಲ್ಲ.

ಒಂದು ಬೆಳಿಗ್ಗೆ ಅವಳು ಠಾಣೆಯ ಮೆಟ್ಟಿಲು ಹತ್ತಿದಳು.
ಕಳವಾಗಿದೆ.
ಸೀರೆಯಲ್ಲ, ಗಲ್ಲಾಪೆಟ್ಟಿಗೆಯಲ್ಲ, ಬೀಗ ಹಾಕಿದ್ದು ಹಾಗೇ ಉಂಟು.
ಹೋದದ್ದು ಸೈರನ್ನು.
ಗೋಡೆಯಲ್ಲಿ ನಾಲ್ಕು ತೂತು, ಎರಡು ವಯರು,
ಸುತ್ತ ಒಂದು ಚೌಕ, ಹಳೆಯ ಬಣ್ಣ ಮಾಸದೆ ಉಳಿದಷ್ಟು.
ಕಳ್ಳನೋ, ನಿದ್ದೆಗೆಟ್ಟ ನೆರೆಯವನೋ,
ಎದುರಿನ ಹೋಟೆಲಿನಲ್ಲಿ ಕೇಳಿದರೆ ಎಲ್ಲರೂ ಚಾ ಕುಡಿಯುತ್ತಿದ್ದರು.

ಆ ದಿನ ಡೈರಿಯಲ್ಲಿ ಮೊದಲ ಸಲ
'ಉಂಟು' ಎಂದು ಬರೆಯಬೇಕಾಯಿತು.
ಕಿವಿಗೆ ಕೇಳಿದ ಹಾಗೆ ಡಕಾರ ಹಾಕಿದೆ.
ಗಂಗಾಧರನ್ ಸಾರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದರು:
ಹೇಳುವುದು ಡ, ಬರೆಯುವುದು ಟ.
ಅರೆ, ಹಾಗಾದರೆ ಇದು ನಮ್ಮ ಉಂಟೇ.
ಇಷ್ಟು ವರ್ಷ ಇಲ್ಲ ಇಲ್ಲ ಎಂದು ಬರೆದವನಿಗೆ
ಗೊತ್ತಾಗಿರಲಿಲ್ಲ.

ಜಲಜಾಕ್ಷಿಗೆ ಈಗಲೂ ಒಂದೂ ಮುಕ್ಕಾಲಿಗೆ ಎಚ್ಚರವಾಗುತ್ತದಂತೆ.
ದಿಂಬಿನಡಿಯ ಕೀಲಿಗೊಂಚಲು ಮುಟ್ಟಿ, ಕಿವಿಗೊಟ್ಟು,
ಮಗನ ಹೊದಿಕೆ ಸರಿ ಮಾಡಿ ಮಲಗುತ್ತಾಳಂತೆ.
ನಾನೂ ಆ ಹೊತ್ತಿಗೆ ಅಲ್ಲಿ ಇಳಿಯುತ್ತೇನೆ,
ಯಾರೂ ಕರೆಯದೆ.
ಮೂರು ಸಲ ತಟ್ಟುತ್ತೇನೆ.
ಬೆಕ್ಕು ತಲೆ ಎತ್ತುವುದಿಲ್ಲ.