ನಲವತ್ತೊಂದನೆಯ ಹೊಕ್ಕುಳಬಳ್ಳಿ

ವಾಣಿವಿಲಾಸದ ಹೆರಿಗೆ ವಾರ್ಡಿನಿಂದ ಸಿಸ್ಟರ್ ಶೋಸಮ್ಮ
ಬೆಳಗಿನ ಜಾವ ಫೋನು ಮಾಡುತ್ತಾರೆ: 'ಒಂದು ಇದೆ, ಬೇಗ ಬಾ.'
ಐಸಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು
ಆಟೋದಲ್ಲಿ ಹಿಂದಿರುಗುವಾಗ ಮಾರ್ಕೆಟ್ಟಿನಲ್ಲಿ
ಸೇವಂತಿಗೆಯ ಮೂಟೆ ಇಳಿಯುತ್ತಿರುತ್ತದೆ.
'ಡಬ್ಬದಲ್ಲಿ ಮೀನಾ?' ಎನ್ನುತ್ತಾನೆ ಡ್ರೈವರ್.
ಹೂಂ ಅಂದುಬಿಡುತ್ತೇನೆ.
ಹೆಂಗಸೊಬ್ಬಳ ಒಂಬತ್ತು ತಿಂಗಳು ವಿವರಿಸುವಷ್ಟು
ದೂರವಿಲ್ಲ ನಮ್ಮ ಲ್ಯಾಬು.

ಒಪ್ಪಿಗೆಪತ್ರದಲ್ಲಿ ತಾಯಿ ದುಂಡಗೆ ಸಹಿ ಮಾಡಿದ್ದಾಳೆ.
ಹೆಸರು ಅಲ್ಲೇ ಉಳಿಯಿತು. ನನ್ನ ಪುಸ್ತಕದಲ್ಲಿ ಇದು ನಲವತ್ತೊಂದು.

ಬಳ್ಳಿಯ ನಾಳ ತೊಳೆದು, ಕಿಣ್ವ ತುಂಬಿ,
ಒಳಗೋಡೆಯ ಕೋಶಗಳನ್ನು ಬಿಡಿಸಿ ತಟ್ಟೆಗೆ ಸುರಿದರೆ
ಕೆಲವೇ ದಿನಕ್ಕೆ ಒಂದಕ್ಕೊಂದು ಒತ್ತಿ ಕೂರುತ್ತವೆ,
ಹಳೇ ಪೇಟೆಯ ಕಲ್ಲುಹಾಸಿನ ಹಾಗೆ.

ಉಸಿರಿಗೆ ಬಾಯಿಬಿಡುವ ಅಂಗಾಂಶ ಕೂಗಿಕೊಂಡಾಗ
ಈ ಕಲ್ಲುಗಳಲ್ಲೊಂದು ಏಳುತ್ತದೆ, ಕವಲೊಡೆಯುತ್ತದೆ,
ರಕ್ತಕ್ಕೆ ಹೊಸ ಓಣಿ ತೋಡುತ್ತದೆ.
ಕೂಗು ಯಾವುದೆಂದು ಗೊತ್ತು. ಫ್ರಿಜ್ಜಿನಲ್ಲಿದೆ,
ಚಿಟಿಕೆಗೂ ಕಮ್ಮಿ, ಬೆಲೆ ನನ್ನ ಎರಡು ತಿಂಗಳ ಫೆಲೋಶಿಪ್ಪು.
ಓಗೊಡುವವರು ಯಾರು?
ಕೋಶದ ಹೊರಮೈಯಲ್ಲಿ ಯಾವ ಕಿವಿ?

ಕೂಗಿಗೆ ವಿಕಿರಣದ ಗುರುತು ಹಚ್ಚಿ ಬಿಡುತ್ತೇನೆ.
ಅಂಟಿದ್ದನ್ನು ಅಂಟಿದ ಹಾಗೇ ಬಿಗಿದು, ಜೆಲ್ಲಿನಲ್ಲಿ ಓಡಿಸಿ,
ಮೇಲೆ ಎಕ್ಸ್‌ರೇ ಫಿಲ್ಮು ಹಾಸಿ, ಹದಿನಾಲ್ಕು ದಿನ ಕಾಯುವುದು.
ಮೂವತ್ತೇಳರಲ್ಲಿ ಏನಿಲ್ಲ.
ಮೂವತ್ತೆಂಟಕ್ಕೆ ಬೂಷ್ಟು ಹಿಡಿಯಿತು.
ನಲವತ್ತರ ಸರದಿಯಲ್ಲಿ ಎರಡು ದಿನ ಕರೆಂಟಿಲ್ಲ,
ಫ್ರೀಜರಿನ ನೀರು ಬಾಗಿಲು ದಾಟಿ ಕಾರಿಡಾರಿಗೆ ಹರಿದಿತ್ತು.

ಇವತ್ತು ಡಾರ್ಕ್‌ರೂಮಿನ ಕೆಂಪು ದೀಪದಡಿ
ಡೆವಲಪರಿನ ಟ್ರೇ ಅಲುಗಿಸುತ್ತ ನಿಂತೆ.
ಒಂದು ಗೆರೆ.
ಕೂಸಿನ ಕೆನ್ನೆಯ ದೃಷ್ಟಿಬೊಟ್ಟು
ಸೆರಗಿಗೆ ಸವರಿಹೋದ ಮೇಲೆ ಉಳಿಯುವಷ್ಟೇ ಕಪ್ಪು.

ನಂಬಲಿಲ್ಲ. ಪಕ್ಕದ ಸಾಲು ನೋಡಿದೆ.
ಅಲ್ಲಿ ಗುರುತಿಲ್ಲದ ಅದೇ ಅಣುವನ್ನು ನೂರು ಪಟ್ಟು ಸುರಿದಿದ್ದೆ.
ಮೆಜೆಸ್ಟಿಕ್ಕಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು
ಸೀಟೆಲ್ಲ ಹಿಡಿದುಬಿಟ್ಟರೆ
ಎಂಥವನೂ ನಿಂತೇ ಹೋಗಬೇಕಲ್ಲ,
ಹಾಗೆ ಅಲ್ಲಿ ಗೆರೆ ಇರಬಾರದು.
ಇಲ್ಲ.
ಅಂದರೆ ಸೀಟು ಇದೆ.

'ಇನ್ನೆರಡು ಸಲ ಮಾಡಿ ತೋರಿಸು' ಅನ್ನುತ್ತಾರೆ ಹಂಪಾಪುರ ಸರ್.
ಮಾಡುತ್ತೇನೆ. ಫಿಲ್ಮು ಒಣಗಲು ಹಾಕಿ
ಕಣ್ಣು ಕಿರಿದು ಮಾಡಿ ಬಿಸಿಲಿಗೆ ಬಂದೆ.
ನಲವತ್ತೊಂದಕ್ಕೆ ಈಗ ಮೂರು ವಾರ ದಾಟಿರಬೇಕು,
ಹೊಕ್ಕುಳು ಉದುರಿ ಗಾಯ ಮಾಯ್ದಿರಬೇಕು.
ಈ ಊರಿನ ಯಾವುದೋ ಓಣಿಯಲ್ಲಿ
ಪ್ರೆಷರ್ ಕುಕ್ಕರು, ಹಾರನ್ನು, ಸೊಪ್ಪಿನವಳ ಕೂಗಿನ ನಡುವೆ
ಇನ್ನೂ ಹೆಸರಿಡದ ಆ ಕೂಸು
ಯಾವ ದನಿಗೆ ತಲೆ ತಿರುಗಿಸುತ್ತಿದೆಯೋ.