ಹತ್ತು ಮೀಟರಿನ ಚುಕ್ಕೆ

ಗೋಡೆ ಸುಣ್ಣ ಕಂಡು ಮೂರು ವರ್ಷ.
ಅದರ ಮೇಲೇ ಬೆಳಕು ಬಿಟ್ಟೆ.
ಕಪ್ಪತಗುಡ್ಡ ಒಣಶುಂಠಿಯ ಹಾಗೆ ಅಡ್ಡ ಬಿತ್ತು.
ಎರೆ ಎಲ್ಲಿ ಮುಗಿದು ಮಸಾರಿ ಎಲ್ಲಿ ಶುರು
ಎಂದು ಕೇಳುವುದಿತ್ತು ಮೊದಲು.
ಅಷ್ಟರಲ್ಲಿ ಹಲ್ಲಿಯೊಂದು ಸರಸರ ಹರಿದು
ಮೂರು ಹಳ್ಳಿ ದಾಟಿತು.
ಮಕ್ಕಳ ನಗುವಿನಲ್ಲಿ ನನ್ನ ಪ್ರಶ್ನೆ ಕೊಚ್ಚಿಹೋಯಿತು.

“ಆ ಕೆರಿ ಯಾವೂರಿಂದ್ರಿ ಟೀಚರ್, ಬೆಳ್ಳಗೈತಲ್ಲ?”
ದಾವಲಬಿ ತೋರಿಸಿದ್ದು ಗಾರೆ ಕಿತ್ತ ಜಾಗ.
ಅದು ಗೋಡೆ, ಭೂಮಿಯಲ್ಲ ಎಂದೆ.
ಒಪ್ಪಲಿಲ್ಲ. ಬೆಂಚು ಹತ್ತಿ ಮುಟ್ಟಿ,
ಬೆರಳಿಗೆ ಸುಣ್ಣ ಮೆತ್ತಿದ ಮೇಲೆ ಕೂತಳು.

ಗುಡ್ಡದ ನೆತ್ತಿಯ ಗಾಳಿಯಂತ್ರ,
ನಾವೆಲ್ಲ ಫ್ಯಾನು ಅನ್ನುವುದು,
ಮೇಲಿಂದ ನೋಡಿದರೆ ಕಂಬವೇ ಇಲ್ಲ.
ಬಿದ್ದ ನೆರಳು ಮಾತ್ರ, ಸೂಜಿಯಷ್ಟು, ವಾಯವ್ಯಕ್ಕೆ.
ಹಾಗಾದರೆ ಹೊತ್ತೆಷ್ಟು?
ಕಿಟಕಿಗೆ ಓಡಿ ಧ್ವಜದ ಕಂಬದ ನೆರಳು ನೋಡಿ ಬಂದರು.
“ಎರಡನೇ ಪಿರಿಯಡ್ರೀ!”
ಹೌದು, ಹನ್ನೊಂದಕ್ಕೆ ಎರಡು ನಿಮಿಷ ಮುಂಚೆ,
ಐದು ದಿನಕ್ಕೊಮ್ಮೆ ಸಪ್ಪಳಿಲ್ಲದೆ ಹಾಯುತ್ತದೆ ನೆತ್ತಿಯ ಮೇಲೆ.
ಈ ಚಿತ್ರ ಹೋದ ಗುರುವಾರದ್ದು.
“ಹಂಗಂದ್ರ ನಾವೂ ಅದೀವಿ ಇದರಾಗ” ಎಂದಳು ದುರಗವ್ವ.

ಇರಬೇಕು. ಎಷ್ಟು?

ಬಯಲಿಗೆ ಕರೆದೊಯ್ದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ,
ಹತ್ತು ಮೀಟರು ಉದ್ದ, ಹತ್ತು ಅಗಲ,
ಕಬಡ್ಡಿ ಅಂಕಣಕ್ಕಿಂತ ತುಸು ಸಣ್ಣದು.
ಇದು ಒಂದು ಚುಕ್ಕೆ.
ಆ ಕಣ್ಣಿಗೆ ಇದಕ್ಕಿಂತ ಸಣ್ಣದು ಇಲ್ಲ.
ಮೂವತ್ತಾರು ಮಂದಿ ಒಳಗೆ ಬಂದರು,
ಯಾರೂ ಹೇಳದೆ ಚಪ್ಪಲಿ ಹೊರಗೆ ಬಿಟ್ಟು.
ಇನ್ನೂ ಜಾಗ ಉಳಿಯಿತು.
ನೀಲಿ ಅಂಗಿ, ಎಣ್ಣೆ ತಲೆ, ರಿಬ್ಬನ್ನು, ಬೇವಿನ ನೆರಳು, ಕೆಂಪು ಮಸಾರಿ
ಎಲ್ಲ ಕಲೆಸಿ ಒಂದೇ ಬಣ್ಣ ಮಾಡುತ್ತದೆ ಅದು,
ಉಳಿದ ಪಲ್ಲೆಗಳನ್ನೆಲ್ಲ ಒಂದೇ ಬೋಗುಣಿಗೆ ಸುರಿದ ಹಾಗೆ.
“ಯಾವ ಬಣ್ಣ ಬರ್ತೈತ್ರಿ?”
ಗೊತ್ತಿಲ್ಲ ಎಂದೆ.

ಕಳಕಪ್ಪ ಗೆರೆಯ ಹೊರಗೇ ನಿಂತಿದ್ದ.
“ನಾ ಅವತ್ತ ಇರಲಿಲ್ರಿ. ಜ್ವಾಳಕ್ಕ ಹಕ್ಕಿ ಕಾಯಾಕ ಹೋಗಿದ್ನಿ.”
ಒಳಗೆ ಬಂದು ಗೋಡೆಯ ಮೇಲೆ ಹಳ್ಳ ಹಿಡಿದು ಬೆರಳು ನಡೆಸಿದ:
ಬನ್ನಿಗಿಡ, ಒಡ್ಡು, ಒಡ್ಡಿನಾಚೆ ಹಸಿರು ತುಂಡು.
“ಇಲ್ಲಿ. ಮಂಚಿಗಿ ಮ್ಯಾಲ. ಕೈಯಾಗ ಕವಣಿ ಇತ್ತು.”
ಹೆಸರಿಲ್ಲದ ಆ ಹಳ್ಳದ ತಿರುವುಗಳು
ನನಗಿಂತ ಅವನ ಬೆರಳಿಗೆ ಗೊತ್ತಿದ್ದವು.

ನಾಳೆ ಮತ್ತೆ ಬರುತ್ತದೆ ಎಂದಾಗ
ದಾವಲಬಿಗೆ ತನ್ನ ಕೆರೆ ನೆನಪಾಯಿತು.
“ಬೆಳ್ಳಗ ಮಾಡೂಣ್ರಿ, ಚುಕ್ಕಿನ!”

ಮಂಗಳವಾರ ಗೊಬ್ಬರದ ಚೀಲ ಹರಿದು ಹಾಸಿದರು.
ದುರಗವ್ವ ಅಜ್ಜನ ಧೋತರ ತಂದಿದ್ದಳು,
ಕೇಳಿ ತಂದಳೋ ಇಲ್ಲವೋ ನಾನು ಕೇಳಲಿಲ್ಲ.
ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತು
“ಏನ್ ಮೇಡಂ, ಸಂಡಿಗಿ ಒಣಗಸ್ತೀರೇನು?” ಎಂದು ಹೋದರು.
ಹೊತ್ತಾದಾಗ ಎಲ್ಲರೂ ಮುಗಿಲು ನೋಡಿದರು.
ಒಂದು ಹದ್ದು, ಅಷ್ಟೆ.
ಇಬ್ಬರು ಕೈ ಬೀಸಿದರು, ಹದ್ದಿಗೋ ಮತ್ತಾವುದಕ್ಕೋ.

ಎರಡು ದಿನಕ್ಕೆ ಚಿತ್ರ ಬಂತು.
ಚುಕ್ಕೆ ಬೆಳ್ಳಗಾಗಿರಲಿಲ್ಲ.
ನಮ್ಮ ಚೌಕ ಅದರ ಚೌಕದ ಮೇಲೆ ಸರಿಯಾಗಿ ಕೂತಿರಲಿಲ್ಲ;
ನಾಲ್ಕು ಚುಕ್ಕೆಗಳಿಗೆ ಹಂಚಿಹೋಗಿತ್ತು ಬಿಳುಪು,
ನೀರಿಗೆ ಹಾಲು ಹನಿಸಿದಷ್ಟು.
ನನಗೆ ಪೆಚ್ಚೆನಿಸಿತು.
ಅವರು ಬೆಂಚು ಬಡಿದರು:
“ನಾಕ್ ಮನಿ ಹಿಡದೀವಿ ನೋಡ್ರಿ!”
ಚೌಕಾಬಾರದಲ್ಲಿ ಗೆದ್ದವರ ಹಾಗೆ.

ಸಂಜೆ ಹಾಜರಿ ಪುಸ್ತಕ ತೆಗೆದೆ.
ಆ ಗುರುವಾರದ ಕೆಳಗೆ, ಕಳಕಪ್ಪನ ಸಾಲಿನಲ್ಲಿ,
ಕೆಂಪು ಶಾಯಿಯ ‘ಗೈ’.
ತಿದ್ದುವ ಹಾಗಿಲ್ಲ, ತಿದ್ದಲಿಲ್ಲ.
ಪಕ್ಕದಲ್ಲಿ ಪೆನ್ಸಿಲಿನಿಂದ,
ತಪಾಸಣೆಗೆ ಬಂದವರಿಗೆ ಕಾಗದದ ಕೊಳೆ ಎನಿಸುವಷ್ಟು,
ಒಂದು ಚುಕ್ಕೆ ಇಟ್ಟೆ.