ಎಂಟಾಣೆ

ಆಯನೂರಿನ ಪ್ರಣತಿ ಗಾಡಿ ತಂದು ನಿಲ್ಲಿಸಿದಳು
ಸಾಗರ ರಸ್ತೆಯ ನನ್ನ ಶೆಡ್ಡಿನೆದುರು, ಸೋಮವಾರ.
ಹಳೇ ಟೂ-ಸ್ಟ್ರೋಕು. ಮಡ್‌ಗಾರ್ಡ್ ಎತ್ತರಿಸಿ, ಗುಬ್ಬಿ ಟೈರು ಹಾಕಿ
ಯಾರೋ ಯಾವತ್ತೋ ಮಣ್ಣಿಗಿಳಿಸಿದ್ದು.
"ಹಾರಿ ಇಳಿದರೆ ಮೊಣಕೈತನಕ ಗುದ್ದುತ್ತೆ ಅಣ್ಣಾ,
ತಿಂದ ತಿಂಡಿ ಗಂಟಲಿಗೆ ಬರುತ್ತೆ."

ತೂಕ ಎಷ್ಟು ಅಂದೆ.
ಕೇಳಬಾರದ ಮಾತು; ಶಾಕಪ್ಸರಿಗೆ ಬೇಕೇ ಬೇಕು.
ಬೂಟು ಹೆಲ್ಮೆಟ್ಟು ಸೇರಿ ಐವತ್ತೊಂದು.
ಕೂರಿಸಿ, ಟೇಪು ಹಿಡಿದು ಅಳೆದೆ:
ಅವಳು ಕೂತದ್ದು ಗಾಡಿಗೆ ಗೊತ್ತೇ ಆಗಿಲ್ಲ,
ಬೇಲಿಗೂಟದ ಮೇಲೆ ಕಾಜಾಣ ಕೂತಂತೆ.

ಎಣ್ಣೆ ಇಳಿಸಿದೆ. ಅದಕ್ಕೆ ಎಣ್ಣೆ ಅನ್ನಬಾರದು,
ಕೊಳೆತ ಮೀನಿನ ಸಾರು; ತಳದಲ್ಲಿ ಬೆಳ್ಳಿಬಣ್ಣದ ಕೆಸರು,
ಲೋಹ ಲೋಹವನ್ನು ತಿಂದು ಉಗಿದದ್ದು.
ಸೀಲಿನ ತುಟಿ ಒಣಗಿ ಒಡೆದಿತ್ತು.
ಮೇಲಿನ ಮುಚ್ಚಳಕ್ಕೆ ಸ್ಪ್ಯಾನರ್ ಇಟ್ಟವನು
ಕೈ ತೆಗೆದೆ.
ಅಂಚಿನಲ್ಲಿ ಪಂಚಿನ ಮೂರು ಚುಕ್ಕಿ.
ಕಲೀಮುಲ್ಲಾ ಉಸ್ತಾದರ ರುಜು.
ಬೇರೆ ರುಜು ಅವರಿಗೆ ಬರುತ್ತಿರಲಿಲ್ಲ.

ಎಡಗಾಲಿನಿಂದ, ಸ್ಪ್ರಿಂಗಿನ ನೆತ್ತಿಯ ಮೇಲಿಂದ
ಚಿಮಟದಲ್ಲಿ ಒಂದೊಂದೇ ಎತ್ತಿದೆ:
ಎಂಟಾಣೆ. ಎಂಟಾಣೆ. ಇನ್ನೊಂದು ಎಂಟಾಣೆ.
ಒಟ್ಟು ಏಳು.
ಸ್ಪೇಸರ್ ಸಿಗದ, ಸಿಕ್ಕರೂ ಕೊಳ್ಳಲಾಗದ ಕಾಲ;
ಸ್ಪ್ರಿಂಗ್ ಬಿಗಿ ಮಾಡಲು ಉಸ್ತಾದರು
ಗಲ್ಲಾದಿಂದಲೇ ಎಣಿಸಿ ಹಾಕುತ್ತಿದ್ದರು.
"ದುಡ್ಡಿನ ಮೇಲೆ ಕೂತು ಹೋಗ್ತಾನೆ ನೋಡು, ನವಾಬ!"

ಬಲಗಾಲಿನಲ್ಲಿ ಆರು.
ಎಣಿಸುವ ಮೊದಲೇ ನನಗೆ ಗೊತ್ತಿತ್ತು.

ಹದಿನಾಲ್ಕು ವರ್ಷ ನನಗಾಗ.
ಬೆಳಗಿನಿಂದ ಸೀಮೆಎಣ್ಣೆಯ ವಾಸನೆ ಮಾತ್ರ ಉಂಡ ಹೊಟ್ಟೆ.
"ಬಲಗಡೆಯದ್ದು ನೀನು ಮುಚ್ಚು" ಎಂದು ಅಂಗೈಗೆ ಏಳು ಸುರಿದು
ಅವರು ನಮಾಜಿಗೆ ಹೋದರು.
ಆರು ಹಾಕಿದೆ.
ಏಳನೆಯದು ಮೂಲೆಯ ಬೇಕರಿಯಲ್ಲಿ
ನಿನ್ನೆಯ ಬನ್ನಾಯಿತು.

ಆ ಭಾನುವಾರ ಭದ್ರಾವತಿಯ ಮಣ್ಣಿನೋಟದಲ್ಲಿ
ಗಾಡಿಯ ಧಣಿ ಹಾಲಸ್ವಾಮಿ ಮೂರನೇ ಸುತ್ತಿಗೆ ಬಿದ್ದ.
ಹೆಗಲ ಮೂಳೆ.
"ಬಲಕ್ಕೆ ಎಳೀತು" ಅಂದ, ಅಷ್ಟೇ.
ಉಸ್ತಾದರು ಫ್ರೇಮು ನೋಡಿದರು, ಸ್ವಿಂಗಾರ್ಮ್ ನೋಡಿದರು,
ಚಕ್ರದಿಂದ ಚಕ್ರಕ್ಕೆ ದಾರ ಎಳೆದು
ಒಂದು ಕಣ್ಣು ಮುಚ್ಚಿ ನೋಡಿದರು, ಇಡೀ ವಾರ.
ಬಲಗಡೆಯ ಮುಚ್ಚಳ ಮಾತ್ರ ಬಿಚ್ಚಲಿಲ್ಲ.
ಅದನ್ನು ಮುಚ್ಚಿದ್ದು ನಾನು.

ಎರಡೂ ಕಾಲು ಒಂದೇ ಕ್ಲ್ಯಾಂಪಿಗೆ ಕಟ್ಟಿಸಿಕೊಂಡಿವೆ;
ಒಂದೂವರೆ ಮಿಲಿಮೀಟರಿಗೆ ಯಾವ ಗಾಡಿಯೂ ಎಳೆಯುವುದಿಲ್ಲ.
ಇದನ್ನು ಆಮೇಲೆ ಕಲಿತೆ,
ಕೆಲಸಕ್ಕೆ ಬಂದ ಹುಡುಗರಿಗೆಲ್ಲ ಕಲಿಸಿದ್ದೇನೆ.
ಆದರೂ.

ಅವಳ ತೂಕಕ್ಕೆ ಮೆತ್ತನೆಯ ಸ್ಪ್ರಿಂಗು ತರಿಸಿದೆ.
ಹೊಸ ಸೀಲು, ಬುಶ್ಶು. ನಲ್ಲಿ ಪೈಪು ಕೊಯ್ದು
ಎರಡು ಸ್ಪೇಸರ್ ಮಾಡಿ, ಉಜ್ಜಿ,
ವರ್ನಿಯರ್‌ನಲ್ಲಿ ಮೂರು ಸಲ ಅಳೆದೆ.
"ಒಂದು ಕೂದಲೆಳೆಗೆ ಇಷ್ಟೊಂದಾ?" ನಕ್ಕಳು.
ಎಣ್ಣೆ ಸುರಿದು, ಗಾಳಿ ಹೋಗುವ ತನಕ ಒತ್ತಿ ಒತ್ತಿ,
ಸ್ಟೀಲ್ ಸ್ಕೇಲು ಇಳಿಸಿ
ಎಡಕ್ಕೆಷ್ಟೋ ಬಲಕ್ಕಷ್ಟೇ ಬಿಟ್ಟೆ.
ಮುಚ್ಚುವಾಗ ಹುಡುಗನನ್ನು ಚಹಾ ತರಲು ಕಳಿಸಿದೆ.

ಬಿಲ್ಲು ನೋಡಿ ಹುಬ್ಬು ಗಂಟಿಕ್ಕಿದಳು:
ಮೂರು ಸಾವಿರದ ನೂರಾ ತೊಂಬತ್ತೊಂಬತ್ತು ರೂಪಾಯಿ
ಐವತ್ತು ಪೈಸೆ.
"ಇದೆಂತ ಅಣ್ಣಾ ಪೈಸೆ ಲೆಕ್ಕ? ಈಗ ಯಾರು ಕೊಡ್ತಾರೆ, ಯಾರು ತಗೋತಾರೆ?"
ಎಂಟಾಣೆ ಕಡಿಮೆ ಹಿಡಿದಿದ್ದೇನೆ, ಇರಲಿ ಅಂದೆ.
ಅವಳು ಮೂರು ಸಾವಿರದ ಇನ್ನೂರೇ ಕೊಟ್ಟು
ಚಿಲ್ಲರೆ ಬೇಡವೆಂದು ಕಿಕ್ ಹೊಡೆದಳು.

ಗೇಟಿನ ಬಳಿಯ ಹಂಪಿನ ಮೇಲೆ
ಮುಂಗಾಲು ಕುಗ್ಗಿತು, ಎದ್ದಿತು,
ಮತ್ತೆ ಕುಣಿಯಲಿಲ್ಲ.

ಹದಿಮೂರು ನಾಣ್ಯ ಪೆಟ್ರೋಲಿನ ಬಟ್ಟಲಲ್ಲಿ ನೆನೆಯುತ್ತಿವೆ.
ಉಸ್ತಾದರ ಮನೆ ಇಲ್ಲಿಂದ ಎರಡೇ ಕಿಲೋಮೀಟರ್.